ಕ್ಲೆಮೆಂಟನ ನೂರಾ ಎಂಬತ್ತೇಳು

ಥಾರ್ನ್‌ಬೆಕ್ ಮೈದಾನ ಹಿಂದೆ ಹತ್ತಿಗಿರಣಿಯವರು ಬಟ್ಟೆ ಒಣಹಾಕುತ್ತಿದ್ದ ಬಯಲು. ಯುದ್ಧದ ವರ್ಷಗಳಲ್ಲಿ ಅಲ್ಲಿ ಆಲೂಗಡ್ಡೆ ಬೆಳೆದರು. ಆಮೇಲೆ ಮತ್ತೆ ಹುಲ್ಲು ಬಂತು, ಕ್ರಿಕೆಟ್ ಬಂತು. 1971ರ ಬೇಸಿಗೆಯಲ್ಲಿ ಕ್ಲೆಮೆಂಟ್ ಆಲರೆನ್‌ಶಾ ಅಲ್ಲಿ ಒಂದೇ ಇನ್ನಿಂಗ್ಸಿನಲ್ಲಿ 187 ರನ್ನು ಹೊಡೆದ. ಇಷ್ಟು ವರ್ಷವಾದರೂ ಅದನ್ನು ದಾಟಿದವರು ಇರಲಿಲ್ಲ.

ಕ್ಲೆಮೆಂಟನನ್ನು ಮಣ್ಣು ಮಾಡಿದ ವಾರದಲ್ಲೇ ಅವನ ಹೆಂಡತಿ ಎಡ್ನಾ ಎಂದಿನಂತೆ ಸ್ಕೋರು ಬರೆಯುವ ಗೂಡಿಗೆ ಬಂದು ಕೂತಳು. ಬರಬೇಡಿ ಎಂದವರಿಗೆ, "ಮನೇಲಿ ಕೂತು ಗೋಡೆ ನೋಡ್ಲಾ?" ಎಂದಿದ್ದಳು.

ಅವತ್ತು ಚಹಾದ ಹೊತ್ತಿಗೆ ಊರ ತಂಡದ ಹುಡುಗ ಷಕೀಲ್ 181 ಹೊಡೆದು ಇನ್ನೂ ಆಡುತ್ತಿದ್ದ. ತಂಡದ ನಾಯಕ ನೈಜೆಲ್ ಅವಳಿಗೆ ಚಹಾ ತಂದುಕೊಟ್ಟ.

"ಎಡ್ನಾ, ನಮ್ಮ ಬ್ಯಾಟಿಂಗ್ ಇಷ್ಟಕ್ಕೇ ನಿಲ್ಸಿ ಡಿಕ್ಲೇರ್ ಮಾಡ್ಬಿಡ್ತೀನಿ. ರನ್ನು ಸಾಕು."

"ಸಾಕು ಅಂತ ನಿನಗೆ ಯಾವತ್ತಾದ್ರೂ ಅನ್ಸಿದ್ದುಂಟೇನೋ?"

ಅವನು ಟೋಪಿ ತಿರುಗಿಸುತ್ತ ನಿಂತ. "ಕ್ಲೆಮ್‌ನ ದಾಖಲೆ ಈ ವರ್ಷ ಒಂದಾದ್ರೂ ಉಳ್ಕೊಳ್ಳಲಿ ಅಂತ..."

"ಅವನಿಗೆ ಭಿಕ್ಷೆ ಹಾಕ್ಬೇಡ. ಆಡ್ಸು."

ಚಹಾ ಮುಗಿದ ಮೇಲೆ ಷಕೀಲ್ ಒಂದೊಂದೇ ರನ್ನು ಓಡಿ 185ಕ್ಕೆ ಬಂದ. ಆಗ ಬಿರುಸಾಗಿ ಬಂದ ಚೆಂಡು ಅವನ ಬ್ಯಾಟಿನ ಅಂಚು ಸವರಿ, ಹಿಂದೆ ಹಿಡಿಯಲು ನಿಂತಿದ್ದ ಸ್ಲಿಪ್ಪಿನವರ ನಡುವೆ ನುಸುಳಿ ಗೆರೆ ದಾಟಿತು. 189. ಎಡ್ನಾ ಬರೆದಳು, ಎದ್ದು ಹಲಗೆಗೆ ಹೊಸ ಅಂಕಿ ತಗುಲಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ಷಕೀಲನನ್ನು ನೋಡುತ್ತಿರಲಿಲ್ಲ, ಎಲ್ಲರ ಕಣ್ಣೂ ಗೂಡಿನ ಕಡೆಗೇ. ಅವನು ಬ್ಯಾಟು ಎತ್ತಲೋ ಬೇಡವೋ ಎಂದು ತಲೆ ತಗ್ಗಿಸಿ ನಿಂತಿದ್ದ.

ತನಗೋಸ್ಕರ ಕಾಯುತ್ತಿದ್ದಾರೆ ಎಂಬುದು ಅವಳಿಗೆ ಹೊಳೆಯಲು ಹೊತ್ತು ಹಿಡಿಯಿತು. ಹೊರಗೆ ಬಂದು ಚಪ್ಪಾಳೆ ತಟ್ಟಿದಳು. ಕೈಗಳು ಇನ್ಯಾರವೋ ಅನ್ನಿಸಿತು. ಆಮೇಲೆ ಇಡೀ ಮೈದಾನ ತಟ್ಟಿತು.

ಆಟ ಮುಗಿದ ಮೇಲೆ ಷಕೀಲ್ ಬಂದ. ಚಿಕ್ಕಂದಿನಲ್ಲಿ ಅವನಿಗೆ ಬ್ಯಾಟು ಹಿಡಿಯಲು ಕಲಿಸಿದವನೇ ಕ್ಲೆಮೆಂಟ್.

"ತಪ್ಪು ತಿಳ್ಕೋಬೇಡಿ, ಎಡ್ನಮ್ಮ."

"ಯಾತಕ್ಕಪ್ಪ? ಹೊಡೆದದ್ದಕ್ಕಾ?"

"ಅಂಚಿಗೆ ತಾಗಿದ ಆ ಹೊಡೆತ ನೋಡಿದ್ರೆ ಅವರು ಉಗೀತಿದ್ರು."

"ಉಗೀತಿದ್ದ. ಇಡೀ ಸಂಜೆ ಉಗೀತಿದ್ದ."

ಷಕೀಲ್ ನಗಲು ಹೋಗಿ ಅತ್ತುಬಿಟ್ಟ. ಎಡ್ನಾ ಅವನ ಬೆನ್ನು ಸವರಿದಳು. ತನಗೂ ಈಗ ಅಳು ಬರಬಹುದು ಎಂದು ಕಾದಳು. ಬರಲಿಲ್ಲ. ಅವನಿಗೆ ಸಮಾಧಾನವಾಗುವ ತನಕ ಸವರುತ್ತಲೇ ಇದ್ದಳು.