ಬಾಗಿಲು ತಟ್ಟದೆ ಕಳೆದ ಮೂರು ವರ್ಷ

ಹತ್ತೊಂಬತ್ತು ವರ್ಷದಿಂದ ನಾನು ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ ಮೂರನೇ ಕಿಟಕಿಯ ಹಿಂದೆ ಕೂತಿದ್ದೇನೆ. ಅರ್ಜಿ ತೆಗೆದುಕೊಳ್ಳುವುದು, ಹಾಳೆ ತಿರುವುವುದು, ಏನಿಲ್ಲವೋ ಅದನ್ನು ಹೇಳುವುದು, ವಾಪಸ್ ಕೊಡುವುದು. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಹೀಗೆ ಊರಿಗೆಲ್ಲ ಹೇಳುವ ನಾನು ನನ್ನ ತಮ್ಮನ ಮಗಳಿಗೆ ಮಾತ್ರ ಏನೂ ಹೇಳಿರಲಿಲ್ಲ. ಅತ್ತೆ ಇದೇ ಕೆಲಸದಲ್ಲಿರುವಾಗ ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ ಅಂದುಕೊಂಡಿದ್ದೆ. ತಪ್ಪು ನನ್ನದೂ ಇದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ತಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾನೆ. ಯಂತ್ರದಿಂದ ಬಿಸಿಬಿಸಿ ಬೆಡ್‌ಶೀಟು ತೆಗೆದು, ಮಡಿಸಿ, ಗಂಟು ಕಟ್ಟಿ ವಾರ್ಡಿನ ಬಾಗಿಲಲ್ಲಿಟ್ಟು ಬರಬೇಕು. ಬಾಗಿಲು ತಟ್ಟುವಂತಿಲ್ಲ, ಒಳಗೆ ರೋಗಿಗಳು ಮಲಗಿರುತ್ತಾರೆ. ಇಡು, ತಿರುಗು, ಬಾ, ಅಷ್ಟೇ. ಮಗಳು ದಿನಾ ಕಾಲೇಜು ಬಿಟ್ಟ ಮೇಲೆ ಅಲ್ಲೇ ಅಪ್ಪನ ಪಕ್ಕ ಕೂತು ಓದಿಕೊಳ್ಳುತ್ತಿದ್ದಳು. ಓದುತ್ತ ಓದುತ್ತ ಎಣಿಸತೊಡಗಿದಳು. ಜ್ವರದ ವಾರ್ಡಿನಿಂದ ದಿನಕ್ಕೆ ಎಪ್ಪತ್ತು ಬೆಡ್‌ಶೀಟು ಬರುತ್ತವೆ, ದಿಂಬಿನ ಕವರು ಮಾತ್ರ ನಲವತ್ತು. ಅಂದರೆ ಮೂವತ್ತು ಜನ ನೆಲದ ಮೇಲೆ, ದಿಂಬಿಲ್ಲದೆ ಮಲಗಿದ್ದಾರೆ. ಮೂರು ವರ್ಷ ಪ್ರತಿದಿನ ಇದನ್ನು ಬರೆದಿಟ್ಟು ಐದು ನೋಟ್‌ಬುಕ್ಕು ತುಂಬಿಸಿದ್ದಳು. ಯಾವ ಆಸ್ಪತ್ರೆಗೆ ಎಷ್ಟು ಮಂಚ ಬೇಕು ಎಂದು ತೀರ್ಮಾನಿಸುವವರ ಮೇಜಿನವರೆಗೆ ಹೋಗಬೇಕು, ಅದಕ್ಕೆ ಆರೋಗ್ಯ ನೀತಿ ಓದಬೇಕು ಎಂಬುದು ಅವಳ ಆಸೆ.

ಹೋದ ವರ್ಷ ಒಂದು ಶನಿವಾರ ಮಧ್ಯಾಹ್ನ ಅರ್ಜಿ ಹಿಡಿದುಕೊಂಡು ನನ್ನ ಮನೆಗೇ ಬಂದಳು. ಹಿಂದೆಯೇ ತಮ್ಮನೂ ಬಂದ. ರಜೆಯ ದಿನವೂ ನನಗೆ ಅರ್ಜಿಯೇ ಗತಿ! ಹಾಳೆ ತಿರುವಿದೆ. ನಿಮ್ಮನ್ನು ಬಲ್ಲ ಇಬ್ಬರು ಅಧ್ಯಾಪಕರ ಪತ್ರ ಲಗತ್ತಿಸಿ ಎಂದಿರುವಲ್ಲಿ ಏನೂ ಇರಲಿಲ್ಲ.

"ಇದೇನೇ, ಇದು ಖಾಲಿ?"

"ನಮ್ಮ ಕಾಲೇಜಲ್ಲಿ ಪಾಠ ಮಾಡೋ ಮೇಡಂನ ಕೇಳ್ದೆ ಅತ್ತೆ. ಮಾರ್ಕ್ಸ್ ಕಾರ್ಡ್ ನೋಡಿ, ಅಂಕ ಚೆನ್ನಾಗಿದೆ, ಆದ್ರೆ ನೀನ್ಯಾರಮ್ಮ ಅಂದ್ರು."

ಮೂರು ವರ್ಷ ಅವಳು ಪ್ರಬಂಧಗಳನ್ನು ಬರೆದು, ಮೇಡಂ ಕೋಣೆಯ ಬಾಗಿಲ ಬಳಿ ಇಟ್ಟು, ಸದ್ದಿಲ್ಲದೆ ಮನೆಗೆ ಬಂದಿದ್ದಳು. ಪತ್ರ ಕೇಳುವವರೆಗೆ ಒಂದು ದಿನವೂ ಅವರನ್ನು ಮಾತಾಡಿಸಿರಲಿಲ್ಲ.

"ದೊಡ್ಡವರಿಗೆ ತೊಂದ್ರೆ ಕೊಡಬಾರದು ಅಂತ ನಾನೇ ಹೇಳ್ಕೊಟ್ಟಿದ್ದು," ಎಂದ ತಮ್ಮ. "ಅದ್ರಲ್ಲೇನಕ್ಕ ತಪ್ಪು?"

ನಾನು ಇನ್ನೊಂದು ಹಾಳೆ ತಿರುವಿದೆ. ಸಂಖ್ಯಾಶಾಸ್ತ್ರ ಓದಿರಲೇಬೇಕು ಎಂದಿತ್ತು.

"ಕಷ್ಟ ಅಂತ ಎಲ್ರೂ ಹೇಳಿದ್ರು ಅತ್ತೆ, ಅದಕ್ಕೆ ತಗೊಳ್ಲಿಲ್ಲ."

ಮೂರು ವರ್ಷ ಬೆಡ್‌ಶೀಟು ಎಣಿಸಿದವಳು ಸಂಖ್ಯಾಶಾಸ್ತ್ರಕ್ಕೆ ಹೆದರಿದ್ದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಕೊನೇ ತಾರೀಖಿಗೆ ಇನ್ನು ನಾಲ್ಕೇ ದಿನ," ಎಂದ ತಮ್ಮ. "ಕಿಟಕೀಲಿ ನೀನೇ ಇರ್ತೀಯಲ್ಲಕ್ಕ, ಹೇಗೋ ತಗೊಂಡ್ಬಿಡು."

"ನಾನು ತಗೊಂಡ್ರೂ ಒಳಗಿರೋರು ತಳ್ಳಿಹಾಕ್ತಾರೆ. ಅಷ್ಟಕ್ಕೂ ನಾನು ತಗೊಳ್ಳಲ್ಲ ಕಣೋ."

ಅವನ ಮುಖ ಸಣ್ಣದಾಯಿತು. "ಹೋಗ್ಲಿ ಬಿಡು. ಇನ್ನೆರಡು ವರ್ಷ ಓದು, ಆಮೇಲೆ ಸಂಶೋಧನೆ ಅಂತ ನಾಲ್ಕೈದು ವರ್ಷ. ಕೂದಲು ಬೆಳ್ಳಗಾಗೋ ತನಕ ಓದ್ತಾನೇ ಇರೋದಾ? ಎಲ್ಲಾದ್ರೂ ಕೆಲಸ ನೋಡ್ಕೊಳ್ಲಿ."

ಹುಡುಗಿ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿದಳು, ಕಣ್ಣೀರು ಅದರ ಮೇಲೇ ಬಿತ್ತು.

"ದೀರ್ಘ ದಾರಿ, ನಿಜ," ಎಂದೆ. "ಎಷ್ಟೋ ಕಡೆ ಸಂಶೋಧನೆ ಮಾಡೋರಿಗೆ ತಿಂಗಳು ತಿಂಗಳು ಸಹಾಯಧನ ಕೊಡ್ತಾರೆ. ಅದಕ್ಕೆ ಅರ್ಜಿ ಬೇರೆ, ತಾರೀಖೂ ಬೇರೆ. ಓದು ಮುಗಿದ ಮೇಲೆ ಪಾಠ ಹೇಳೋದೊಂದೇ ಅಲ್ಲ, ಯೋಜನೆ ರೂಪಿಸೋ ಕಚೇರಿಗಳಲ್ಲೂ ಕೆಲಸ ಇದೆ. ಇದನ್ನೆಲ್ಲ ಮೊದಲನೇ ವರ್ಷವೇ ಕೇಳಿ ತಿಳ್ಕೋಬೇಕಿತ್ತು. ಹೋಗ್ಲಿ, ಆ ನೋಟ್‌ಬುಕ್ಕು ಮೇಡಂಗೆ ತೋರ್ಸಿದೀಯೇನೇ?"

"ಅದನ್ನಾ? ಅದು ಬಟ್ಟೆ ಲೆಕ್ಕ ಅತ್ತೆ."

"ಬಟ್ಟೆ ಲೆಕ್ಕ ಹಿಡ್ಕೊಂಡು ಹೋದ್ರೆ ನಗ್ತಾರೆ ಅಷ್ಟೆ," ಎಂದ ತಮ್ಮ.

"ಮೂವತ್ತು ಜನ ದಿಂಬಿಲ್ದೆ ನೆಲದಲ್ಲಿ ಮಲಗಿದಾರೆ ಅಂತ ನಿಂಗೆ ಗೊತ್ತಿತ್ತೇನೋ?"

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಬಿಸಿ ಬಟ್ಟೆ ಹಿಡಿದು ಹಿಡಿದು ದಡ್ಡುಗಟ್ಟಿದ ಕೈಗಳು.

"ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತು. ನಾನು ಯಾರಿಗೆ ಹೇಳ್ಲಿ ಅಕ್ಕ?"

"ಹೇಳೋ ಜಾಗಕ್ಕೆ ಹೋಗ್ತೀನಿ ಅಂತಾನೇ ಅಲ್ವೇನೋ ಅವಳು ಓದ್ತಿರೋದು?"

ಅವನು ಮಗಳ ಕೈಯಿಂದ ಅರ್ಜಿ ತೆಗೆದುಕೊಂಡು ಮಡಿಕೆ ಬಿಡಿಸಿದ.

ಸೋಮವಾರ ನಾನು ಅರ್ಧ ದಿನ ರಜೆ ಹಾಕಿದೆ. ಮೂವರೂ ಕಾಲೇಜಿಗೆ ಹೋದೆವು. ಐದೂ ನೋಟ್‌ಬುಕ್ಕುಗಳನ್ನು ಹಳೆಯ ಬಟ್ಟೆಯೊಂದರಲ್ಲಿ ಗಂಟು ಕಟ್ಟಿ ತಮ್ಮನೇ ಹೊತ್ತು ತಂದಿದ್ದ. ಮೇಡಂ ಕೋಣೆಯ ಬಾಗಿಲು ಮುಚ್ಚಿತ್ತು. ಅಭ್ಯಾಸಬಲ ನೋಡಿ, ಪುಣ್ಯಾತ್ಮ ಗಂಟನ್ನು ಬಾಗಿಲ ಬಳಿ ಇಟ್ಟವನೇ ತಿರುಗಿ ಹೊರಟೇಬಿಟ್ಟ! ಹತ್ತು ಹೆಜ್ಜೆ ಹೋದವನು ನಿಂತ. ಮಗಳು ಇದ್ದಲ್ಲೇ ತಲೆ ತಗ್ಗಿಸಿ ನಿಂತಿದ್ದಳು. ಅವನು ವಾಪಸ್ ಬಂದು, ಗಂಟು ಎತ್ತಿ ಅವಳ ಕೈಗೆ ಕೊಟ್ಟ.

"ತಟ್ಟವ್ವ," ಎಂದ. "ಒಳಗೆ ಯಾರೂ ಮಲಗಿಲ್ಲ."

ತಟ್ಟಿದಳು.

ಮೇಡಂ ಅರ್ಧ ಗಂಟೆ ಹಾಳೆ ತಿರುವಿದರು, ನಗಲಿಲ್ಲ. ಆದರೆ ಪತ್ರವನ್ನೂ ಕೊಡಲಿಲ್ಲ. "ಮೊನ್ನೆ ಮೊನ್ನೆ ತಾನೇ ನಿನ್ನ ನೋಡಿದ್ದು, ನಿನ್ನ ಬಲ್ಲೆ ಅಂತ ಹೇಗಮ್ಮ ಬರೀಲಿ? ಒಂದು ವರ್ಷ ಇದರ ಮೇಲೆ ನನ್ನ ಜೊತೆ ಕೆಲಸ ಮಾಡು. ಸಂಜೆ ತರಗತೀಲಿ ಸಂಖ್ಯಾಶಾಸ್ತ್ರ ಕಲಿ," ಎಂದರು. ಹಾಗೆ ಒಂದು ವರ್ಷ ಕೈತಪ್ಪಿತು. ಮೊದಲೇ ತಟ್ಟಿದ್ದರೆ ತಪ್ಪುತ್ತಿರಲಿಲ್ಲ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈ ವರ್ಷ ಅವಳು ನನ್ನ ಕಿಟಕಿಯ ಸಾಲಿನಲ್ಲಿ ಎಲ್ಲರಂತೆ ನಿಂತು ಬಂದಳು. ಹಾಳೆ ತಿರುವಿದೆ. ಸಂಖ್ಯಾಶಾಸ್ತ್ರದ ಅಂಕವಿತ್ತು, ಮೇಡಂದೊಂದು, ಸಂಜೆ ತರಗತಿಯ ಅಧ್ಯಾಪಕರದೊಂದು ಎಂದು ಎರಡು ಪತ್ರಗಳಿದ್ದವು. ಆಮೇಲೆ ಸೀಟೂ ಸಿಕ್ಕಿತು. ಆದರೆ ಅಂದು ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದ ಹುಡುಗನ ಅರ್ಜಿಯನ್ನು ವಾಪಸ್ ಕೊಟ್ಟೆ, ಪತ್ರಗಳಿರಲಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮ ಮಕ್ಕಳು ಕಾಲೇಜಿನಲ್ಲಿ ಕೊನೆಯವರೆಗೂ ಅಪರಿಚಿತರಾಗಿ ಉಳಿಯದಿರಲಿ. ಮುಂದೆ ಓದಲು ಯಾವ ವಿಷಯ ಬೇಕು, ಅರ್ಜಿಗೆ ಕೊನೆಯ ದಿನ ಯಾವುದು ಎಂದು ಮೊದಲ ವರ್ಷವೇ ಅಧ್ಯಾಪಕರ ಬಳಿ ಕೂತು ಕೇಳಲಿ. ಕೇಳುವುದು ತೊಂದರೆ ಕೊಟ್ಟಂತಲ್ಲ, ಅವರು ಅಲ್ಲಿರುವುದೇ ಅದಕ್ಕೆ. ಅರ್ಜಿ ವಾಪಸ್ ಕೊಟ್ಟು ಕೊಟ್ಟು ನನ್ನ ಕೈ ಸೋತಿದೆ. ದಯವಿಟ್ಟು ನನ್ನ ಕಿಟಕಿಗೆ ಬರುವ ಮೊದಲು ಆ ಬಾಗಿಲು ತಟ್ಟಿ ಬನ್ನಿ.