ಅರೆಕ್ಷಣ ತಡವಾಗಿ ಬರುವ ದನಿ

ಕ್ಲೆಮೆನ್ಸಾಸ್ ಬುರ್ನೈಕಾ ಅವರು ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ಅವರ ಬೆನ್ನ ಹಿಂದೆ ಕಣ್ಣು ಹಾಯಿಸುತ್ತಾರೆ, ನಿಜವಾಗಿ ಮಾತಾಡಿದವರು ಯಾರೋ ಅಲ್ಲಿ ನಿಂತಿರಬೇಕು ಎಂಬಂತೆ. ಇದು ಅಗೌರವವಲ್ಲ, ಅಭ್ಯಾಸ. ಲಿಥುವೇನಿಯಾದ ವಿಲ್ನಿಯಸ್ಸಿನ ನಮ್ಮ ಟೀವಿಯಲ್ಲಿ ಪರದೇಶದ ಚಿತ್ರ ಬಂದರೆ ನಾಯಕ, ನಾಯಕಿ, ಖಳ, ಹಸುಳೆ, ಮುದುಕಿ ಎಲ್ಲರ ಮಾತನ್ನೂ ನಮ್ಮ ಭಾಷೆಯಲ್ಲಿ ಓದಿ ಹೇಳುವವರು ಒಬ್ಬರೇ. ಮೂಲ ನಟರ ದನಿ ಅಡಿಯಲ್ಲಿ ಮೆಲ್ಲಗೆ ಹರಿಯುತ್ತಿರುತ್ತದೆ, ಅದರ ಮೇಲೆ ಅರೆಕ್ಷಣ ತಡವಾಗಿ ಬುರ್ನೈಕಾ ಅವರ ದನಿ ಕೆನೆಯಂತೆ ತೆಳ್ಳಗೆ ಕಟ್ಟಿಕೊಳ್ಳುತ್ತದೆ. ಏರಿಲ್ಲ, ಇಳಿತವಿಲ್ಲ. ಕೊಲೆಗಾರನ ಬೆದರಿಕೆಯನ್ನೂ ನವವಧುವಿನ ಪ್ರಣಯವಚನವನ್ನೂ ರೈಲಿನ ವೇಳೆ ತಿಳಿಸುವವರ ನಿರ್ಲಿಪ್ತಿಯಲ್ಲಿ ಅವರು ನಿವೇದಿಸುತ್ತಾರೆ. ನಮ್ಮ ತಲೆಮಾರಿನವರು ಪ್ರೇಮದ ಪರಿಭಾಷೆ ಕಲಿತದ್ದು ಆ ದನಿಯಿಂದಲೇ. ನಮ್ಮ ದಾಂಪತ್ಯಗಳು ಇಷ್ಟೊಂದು ಸಮತಟ್ಟಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಸ್ವತಃ ಅವರ ದಾಂಪತ್ಯ ಆರಂಭವಾದದ್ದೂ ಹಾಗೆಯೇ. ನೇರಿಸ್ ನದಿಯ ಸೇತುವೆಯ ಮೇಲೆ ಅವರು ದನೂತೆಯನ್ನು ಮದುವೆಗೆ ಕೇಳಿದಾಗ, ಯಾವುದೋ ಚಿತ್ರದ ಸಂಭಾಷಣೆ ಅಭ್ಯಾಸ ಮಾಡುತ್ತಿದ್ದಾರೆಂದು ತಿಳಿದು ಆಕೆ 'ಚೆನ್ನಾಗಿದೆ, ಮುಂದಿನದು ಓದು' ಅಂದಳಂತೆ. ಮುಂದಿನದು ಇರಲಿಲ್ಲ. ಅವರು ಅದನ್ನೇ ಇನ್ನೊಮ್ಮೆ, ಅದೇ ಸ್ವರದಲ್ಲಿ ಹೇಳಿದರು. ದನಿಯಲ್ಲಿ ಭಾವವಿಲ್ಲದಿದ್ದರೇನು, ಅಂದಿನಿಂದ ಬದುಕಿನಲ್ಲಿ ಬಾವಮೈದುನರಿಗೆ ಮಾತ್ರ ಕೊರತೆಯಾಗಲಿಲ್ಲ.

ಅವರ ಕೋಟು ಬೇರೆ ಒಂದು ಪ್ರಕರಣ. ಬೂದುಬಣ್ಣದ ಉಣ್ಣೆಯ ಆ ಕೋಟಿಗೆ ಜಿಪ್ಪಿಲ್ಲ, ಗುಂಡಿಗಳಿಗೆಲ್ಲ ದನೂತೆ ಬಟ್ಟೆ ಸುತ್ತಿ ಹೊಲಿದಿದ್ದಾಳೆ, ಜೇಬಿನಲ್ಲಿ ಚಿಲ್ಲರೆ ಇಟ್ಟದ್ದನ್ನು ಕಂಡವರಿಲ್ಲ. ಮೈಕಿನ ಮುಂದೆ ಸದ್ದು ಮಾಡಬಾರದೆಂಬ ನಿಯಮ ಕ್ರಮೇಣ ಅವರ ಮೈಯನ್ನೇ ಆವರಿಸಿತು. ಮೆತ್ತನೆಯ ಫೆಲ್ಟಿನ ಬೂಟು ತೊಟ್ಟು ಬೆಕ್ಕಿನಂತೆ ಬಂದು ಪಕ್ಕದಲ್ಲಿ ನಿಂತು ಎಷ್ಟು ಜನರನ್ನು ಬೆಚ್ಚಿಬೀಳಿಸಿದ್ದಾರೋ. ಇನ್ನು ಊಟ. ಬೇಸಿಗೆಯಲ್ಲಿ ಊರಿಗೆ ಊರೇ ಗುಲಾಬಿ ಬಣ್ಣದ ತಣ್ಣನೆಯ ಬೀಟ್‌ರೂಟ್ ಸೂಪು ಕುಡಿಯುವಾಗ ಅವರು ಒಣ ಬ್ರೆಡ್ಡು ಅಗಿಯುತ್ತ ಕುಳಿತಿರುತ್ತಾರೆ. ಆ ಸೂಪೆಂದರೆ ಅವರಿಗೆ ಪ್ರಾಣ. ಆದರೆ ಕುಡಿದರೆ ಮರುದಿನ ಹೊಟ್ಟೆ ಗುಡುಗುತ್ತದೆ, ಮತ್ತು ಮರುದಿನ ಯಾವಾಗಲೂ ಧ್ವನಿಮುದ್ರಣವಿರುತ್ತದೆ.

ಈ ದನಿ ಒಮ್ಮೆ ಅವರ ಪ್ರಾಣಕ್ಕೇ ಸಂಚಕಾರ ತಂದಿತ್ತು. ಚಳಿಗಾಲದ ಒಂದು ಮಧ್ಯಾಹ್ನ ಅವರು ಮನೆಯ ಮೆಟ್ಟಿಲಲ್ಲಿ ಜಾರಿ, ಕಾಲು ಮುರಿದುಕೊಂಡು ಬಿದ್ದರು. 'ಸಹಾಯ ಮಾಡಿ. ನನ್ನ ಕಾಲು ಮುರಿದಿದೆ' ಎಂದು ಕೂಗಿದರು, ಕೂಗಿದ್ದು ಅಂದರೆ ತಮ್ಮ ಮಟ್ಟಿಗೆ. ಮಹಡಿಗಳ ಬಾಗಿಲುಗಳ ಹಿಂದೆ ಅದು ಎಲ್ಲರಿಗೂ ಕೇಳಿಸಿತು. ಯಾರ ಮನೆಯಲ್ಲೋ ಟೀವಿ ಜೋರಾಗಿ ಹಾಕಿದ್ದಾರೆಂದು ಒಬ್ಬರು ಗೊಣಗಿದರು, ಒಳ್ಳೆಯ ಚಿತ್ರವಿರಬೇಕೆಂದು ಇನ್ನೊಬ್ಬರು ತಮ್ಮ ಟೀವಿಯನ್ನೂ ಹಚ್ಚಿದರು. ಕೊನೆಗೆ ಬಾಗಿಲು ತೆರೆದು ಬಂದದ್ದು ಮೂರನೆಯ ಮಹಡಿಯ ವಿಧವೆ ಸ್ತಾಸೆ ಅಜ್ಜಿ. ಹೇಗೆ ತಿಳಿಯಿತೆಂದು ಆಮೇಲೆ ಎಲ್ಲರೂ ಕೇಳಿದರು.

'ನಿನ್ನ ದನಿ ಅಡಿಯಲ್ಲಿ ಬೇರೆ ಯಾರದೂ ದನಿ ಇರ್ಲಿಲ್ಲ ಕಣಪ್ಪಾ,' ಅಂದಳು ಅಜ್ಜಿ. 'ಹಾಗಾದ್ರೆ ಇದು ಇವನದೇ ನೋವಿರ್ಬೇಕು ಅಂದ್ಕೊಂಡೆ.'

ಬುರ್ನೈಕಾ ಅವರು ಆ ಮಾತನ್ನು ಪ್ರಶಸ್ತಿಯಂತೆ ಕಾಪಾಡಿಕೊಂಡಿದ್ದಾರೆ.

ಹೀಗಿರುವಾಗ ಯಂತ್ರ ಬಂತು. ಸ್ಟುಡಿಯೋದ ಮೇಲ್ವಿಚಾರಕ ರಿಮ್‌ವಿದಾಸ್, ಸಜ್ಜನ, ಬುರ್ನೈಕಾ ಅವರ ದನಿ ಕೇಳುತ್ತಲೇ ಬೆಳೆದ ಹುಡುಗ, ಸಂಕೋಚದಿಂದಲೇ ಅವರನ್ನು ಕೂರಿಸಿ ಹೊಸ ಚಮತ್ಕಾರವನ್ನು ತೋರಿಸಿದ. ಕೃತಕ ಬುದ್ಧಿಮತ್ತೆಯ ಕೃಪೆಯಿಂದ ಪೋರ್ಚುಗಲ್ಲಿನ ನಟಿ ತನ್ನದೇ ಕಂಠದಲ್ಲಿ, ತುಟಿಗಳಿಗೂ ಹೊಂದುವಂತೆ, ಸ್ವಚ್ಛ ಲಿಥುವೇನಿಯನ್ ಮಾತಾಡುತ್ತಿದ್ದಳು. ಓದುವವರೇ ಬೇಡ. ವಾಹಿನಿಯ ಹಿರಿಯರು ಒಂದೇ ಚಿತ್ರವನ್ನು ಎರಡೂ ರೀತಿಯಲ್ಲಿ ನೋಡಿ ತೀರ್ಮಾನಿಸುತ್ತಾರೆ, ಯಂತ್ರ ಗೆದ್ದರೆ ಓದುವವರ ಕುರ್ಚಿ ತೆಗೆಯುತ್ತಾರೆ ಎಂದು ಅವನು ತಿಳಿಸಿದ. ಇಂದಿನ ಮಕ್ಕಳಿಗೆ ಒಂದರ ಮೇಲೊಂದು ಎರಡು ದನಿ ಗೊಂದಲವಂತೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬುರ್ನೈಕಾ ಅವರು ಚಿತ್ರವನ್ನು ಪೂರ್ತಿ ನೋಡಿ, 'ತುಂಬ ಚೆನ್ನಾಗಿದೆ' ಅಂದರು. ಮನಸ್ಸಿನಿಂದಲೇ ಅಂದದ್ದು, ದನಿ ಕೇಳಿದವರಿಗೆ ಅದು ಗೊತ್ತಾಗುವಂತಿರಲಿಲ್ಲ, ಅಷ್ಟೇ.

ಆಮೇಲೆ ಅದೇ ಚಿತ್ರವನ್ನು ತಾವು ಓದಲು ಕುಳಿತರು. ಸಮುದ್ರಕ್ಕೆ ಹೋದ ಗಂಡ ಮರಳದೆ, ಹೆಂಡತಿ ದಡದಲ್ಲಿ ನಿಂತು ನೀರಿನೊಡನೆ ಜಗಳವಾಡುವ ದೃಶ್ಯ ಬಂತು. 'ಅವನನ್ನು ನನಗೆ ವಾಪಸು ಕೊಡು' ಎಂದು ಮೊದಲ ಸಾಲನ್ನು ಓದಿ ಅವರು ಸುಮ್ಮನಾದರು. ಪರದೆಯ ಮೇಲೆ ಹೆಂಗಸು ಬಯ್ಯುತ್ತಲೇ ಇದ್ದಳು, ಬೇಡುತ್ತಲೇ ಇದ್ದಳು. ಅವರು ಹಾಳೆಯನ್ನು ಸದ್ದಾಗದಂತೆ ಮಗುಚಿಟ್ಟು ಆಕೆಯನ್ನೇ ನೋಡುತ್ತ ಕುಳಿತರು. ಸದ್ದು ಹಿಡಿಯುವ ಔದ್ರೋನೆ, ಅವರಿಗೆ ಮೈ ಹುಷಾರಿಲ್ಲವೇನೋ ಎಂದು ಗಾಜಿನಾಚೆ ಎದ್ದು ನಿಂತಳು.

'ಅಷ್ಟೂ ಸಾಲು ಬಿಟ್ಬಿಟ್ರಲ್ಲ ಸರ್,' ಅಂದ ರಿಮ್‌ವಿದಾಸ್. ಈ ಪರೀಕ್ಷೆಯಲ್ಲಿ ಅವರು ಗೆಲ್ಲಲೆಂದು ಅವನಿಗೂ ಆಸೆಯಿತ್ತು. 'ಇನ್ನೊಂದ್ಸಲ ತಗೊಳ್ಳೋಣ. ಹಿರಿಯರು ಇದನ್ನ ತಪ್ಪು ಅಂತಾರೆ.'

'ಬಿಟ್ಟಿಲ್ಲಪ್ಪ. ಆಕೆ ಮಾತಾಡ್ತಿದ್ರು.'

ಇನ್ನೊಂದು ಸಲ ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಜಗಳವಾಡಲೂ ಇಲ್ಲ. ಕೋಟು ತೊಟ್ಟು, ನಿಶ್ಶಬ್ದವಾಗಿ ಹೊರಟುಹೋದರು.

ಹಿರಿಯರ ತೀರ್ಪು ಅರ್ಧ ಬಂತು: ದಿನನಿತ್ಯದ ಧಾರಾವಾಹಿಗಳೂ ಚಿತ್ರಗಳೂ ಯಂತ್ರಕ್ಕೆ, ಭಾನುವಾರದ ಹಳೆಯ ಚಿತ್ರವೊಂದು, ಸದ್ಯಕ್ಕೆ, ಬುರ್ನೈಕಾ ಅವರಿಗೆ. ಆ ಕಡಲದಡದ ದೃಶ್ಯ ಬಂದಾಗ ಹಿರಿಯರಲ್ಲೊಬ್ಬರು ಕನ್ನಡಕ ಒರೆಸಿಕೊಂಡರೆಂದೂ, ಉಳಿದವರು ಗಡಿಯಾರ ನೋಡಿಕೊಂಡರೆಂದೂ ಔದ್ರೋನೆ ಹೇಳುತ್ತಾಳೆ. ಸುದ್ದಿ ಕೇಳಿದ ಬುರ್ನೈಕಾ ಅವರು ಮನೆಗೆ ಬಂದರು. ಮೇಜಿನ ಮುಂದೆ ಕುಳಿತು ಬೀಟ್‌ರೂಟ್ ಸೂಪಿನ ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ದನೂತೆಯ ಕೈಯ ಸೌಟು ಅಲ್ಲೇ ನಿಂತಿತು.

'ನಾಳೆ ಹೊಟ್ಟೆ ಗುಡುಗಿದ್ರೆ?'

'ಗುಡುಗಲಿ,' ಅಂದರು. 'ಇನ್ನೂ ಸ್ವಲ್ಪ ಹಾಕು.'

ಆಕೆ ಹಾಕಿದಳು, ಮತ್ತು ಪಕ್ಕದಲ್ಲೇ ಕುಳಿತಳು.

ಈಗ ಸ್ತಾಸೆ ಅಜ್ಜಿಯ ಟೀವಿಯಲ್ಲಿ ಪೋರ್ಚುಗಲ್ಲಿನ ಹೆಂಗಸರು ವಾರವಿಡೀ ಶುದ್ಧ ಲಿಥುವೇನಿಯನ್ನಿನಲ್ಲಿ ಜಗಳವಾಡುತ್ತಾರೆ. ಚೆನ್ನಾಗಿದೆಯಂತೆ, ಒಂದಕ್ಷರವೂ ತಪ್ಪುವುದಿಲ್ಲವಂತೆ. 'ಆದ್ರೆ ಎಲ್ರೂ ಥೇಟ್ ನನ್ನ ನಾದಿನಿ ಹಾಗೇ ಕೇಳಿಸ್ತಾರೆ,' ಎಂದು ಮೆಟ್ಟಿಲಲ್ಲಿ ಸಿಕ್ಕಾಗ ದೂರಿದಳು. 'ಅವಳೊಬ್ಬಳು ಸಾಲ್ದಾ ನಂಗೆ?' ಭಾನುವಾರ ಬಂದರೆ ಮಾತ್ರ ಕುರ್ಚಿಯನ್ನು ಟೀವಿಯ ಸಮೀಪಕ್ಕೆ ಎಳೆದುಕೊಳ್ಳುತ್ತಾಳೆ. ಅಡಿಯ ದನಿ ಕೇಳಬೇಕಲ್ಲ.

ನಮ್ಮ ಜಗತ್ತಿನಲ್ಲಿ ತಮ್ಮ ದನಿಯಿಂದ ಪರದೆಯನ್ನು ತುಂಬುವವರಿಗೆ ಎಂದೂ ಬರವಿರಲಿಲ್ಲ. ಇನ್ನು ಮೇಲೆ ಅದಕ್ಕೆ ಗಂಟಲಿನ ಹಂಗೂ ಇಲ್ಲ. ಬುರ್ನೈಕಾ ಅವರ ಕುಲದವರು ಬೇರೆ. ಅವರು ಬಾಗಿಲಲ್ಲಿ ನಿಂತು ಬಂದ ಅತಿಥಿಯ ಹೆಸರು ಹೇಳಿ, ಅತಿಥಿ ಮುಂದೆ ನಡೆಯಲೆಂದು ಗೋಡೆಗೆ ಒರಗಿ ದಾರಿ ಬಿಡುವವರು. ಅಂಥವರು ಇರುವಷ್ಟು ಕಾಲ ನಾವು ಅವರನ್ನು ಗಮನಿಸುವುದೇ ಇಲ್ಲ, ನಮ್ಮ ಗಮನಕ್ಕೆ ಬಾರದಂತೆ ನಡೆದುಕೊಳ್ಳುವುದೇ ಅವರ ಕಸುಬು. ಆದರೆ ಪರದೇಶದ ಹೆಂಗಸೊಬ್ಬಳ ಅಳು ಪರದೇಶದ್ದಾಗಿದ್ದುಕೊಂಡೇ ನಮ್ಮ ಅಡುಗೆಮನೆಯವರೆಗೂ ಬಂದು ಕೂತಿದ್ದರೆ, ಯಾರೋ ಒಬ್ಬರು ಅರೆಕ್ಷಣ ತಡೆದು, ಅವಳಿಗೆ ಮೊದಲು ಮಾತಾಡಲು ಬಿಟ್ಟಿದ್ದರು ಎಂದೇ ಅರ್ಥ.