ಎರಡು ಗಂಟೆಯ ಅಜ್ಜ

ಟಕ್ ಟಕ್ ಟಕ್.

ಗಲ್ಲಿಯ ಮೊದಲ ಮನೆ ದಾಟುತ್ತಿದ್ದ ಹಾಗೆ ಆ ಸದ್ದು ಕೇಳಿಸಿತು, ದಿನಾ ಕೇಳಿಸುವ ಹಾಗೆಯೇ. ಅಜ್ಜ ಕೊಡೆಯ ನೆರಳಲ್ಲಿ ಒಂದು ಕ್ಷಣ ನಿಂತು ಕಿವಿಗೊಟ್ಟ. ಯಾರೋ ಬಡಗಿ ಇರಬೇಕು. ಊರಿಗೆ ಊರೇ ಬಾಗಿಲು ಹಾಕಿಕೊಂಡು ಮಲಗಿರುವ ಈ ಸುಡು ಮಧ್ಯಾಹ್ನದಲ್ಲಿ ಪುಣ್ಯಾತ್ಮ ಒಬ್ಬನಾದರೂ ಕೆಲಸ ಮಾಡುತ್ತಿದ್ದಾನಲ್ಲ ಎಂದು ಅವನಿಗೆ ಸಮಾಧಾನ. ಒಂದು ದಿನ ಆ ಬಡಗಿಯನ್ನು ಹುಡುಕಿ ಮಾತಾಡಿಸಬೇಕು ಎಂದು ಮೂರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದ.

ಎಂಟನೆಯದು ಬೇಕರಿಯವನ ಮನೆ. ಅಲ್ಲಿ ಬಾಗಿಲು ತಟ್ಟುವ ಕೆಲಸವೇ ಇರಲಿಲ್ಲ. ಅಜ್ಜ ಕೊಡೆ ಮಡಿಸುವಷ್ಟರಲ್ಲಿ ಬಾಗಿಲು ತಾನಾಗಿ ತೆರೆಯಿತು.

"ಬನ್ನಿ ಅಜ್ಜ, ಬನ್ನಿ. ನಿಮ್ಮನ್ನೇ ಕಾಯ್ತಿದ್ವಿ."

ಬೇಕರಿಯವನ ಮುಖದ ಮೇಲೆ ಇನ್ನೂ ನೀರಿನ ಹನಿ ಇತ್ತು. ಶರ್ಟಿನ ಗುಂಡಿಗಳು ಒಂದೊಂದು ಮನೆ ಮೇಲಕ್ಕೆ ಹೋಗಿ ಕೂತಿದ್ದವು. ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು.

"ಇದು ಹೇಗಾಯಿತು?" ಅಜ್ಜ ಗಾಬರಿಯಾದ. ಅವನದು ಅರವತ್ತಾರನೇ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕಲಿತ ಭಾಷೆ. ಗಾಬರಿಯಾದಾಗಲೂ ಅದರ ಇಸ್ತ್ರಿ ಕೆಡುತ್ತಿರಲಿಲ್ಲ.

"ಏನಿಲ್ಲ ಅಜ್ಜ. ಭಟ್ಟಿ ಬಾಗ್ಲು ತಾಗ್ತು ಅಷ್ಟೆ. ಬೇಕರಿ ಅಂದ್ಮೇಲೆ ಇದೆಲ್ಲಾ ಇದ್ದದ್ದೇ."

ಅಜ್ಜ ಕಣ್ಣು ಮುಚ್ಚಿ ಆ ಕೈಗಾಗಿ ಪ್ರಾರ್ಥಿಸಿದ. ಚಿಕ್ಕ ಪ್ರಾರ್ಥನೆಯೇನಲ್ಲ, ಗಾಯ ಬೇಗ ಮಾಯಲಿ ಎಂಬಲ್ಲಿಂದ ಶುರುವಾಗಿ, ದುಡಿಯುವ ಎಲ್ಲ ಕೈಗಳನ್ನೂ ಸುತ್ತಿ ಬಂತು. ನಡುವೆ ಒಮ್ಮೆ ಕಣ್ಣು ತೆರೆದು ನೋಡಿದರೆ ಬೇಕರಿಯವನ ತಲೆ ಎದೆಯವರೆಗೆ ಬಾಗಿತ್ತು, ಮೈ ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿತ್ತು. ಹೆಂಡತಿ ಅವನ ಬೆನ್ನಿಗೆ ಅಂಗೈ ಆನಿಸಿ ಹಿಡಿದಿದ್ದಳು. ಎಂಥಾ ಭಕ್ತಿ, ಎಂಥಾ ಪ್ರೀತಿ ಎಂದುಕೊಂಡ ಅಜ್ಜ. ಪ್ರಾರ್ಥನೆ ಇನ್ನೂ ಐದು ನಿಮಿಷ ಬೆಳೆಯಿತು.

ಅಜ್ಜ ಮೂವತ್ತೆಂಟು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಪಿಂಚಣಿಯಾಗಿ, ಮಕ್ಕಳೆಲ್ಲ ಒಂದು ದಡ ಸೇರಿದ ಮೇಲೆ, ಎರಡು ವರ್ಷ ಮಿಷನ್ನಿನ ಸೇವೆ ಮಾಡುತ್ತೇವೆಂದು ಬರೆದುಕೊಟ್ಟು ಹೆಂಡತಿಯನ್ನೂ ಕರೆದುಕೊಂಡು ಈ ದೇಶಕ್ಕೆ ಬಂದಿದ್ದ. ಮಂಜು ಬೀಳುವ ಊರಿನಿಂದ ಬಂದ ಮೈ. ಬೆವರುಸಾಲೆಯಿಂದ ಹಿಡಿದು ಸಕ್ಕರೆ ಡಬ್ಬಿಯ ಇರುವೆಗಳವರೆಗೆ, ಸೊಳ್ಳೆಪರದೆಯಿಂದ ಹಿಡಿದು ದಿನಕ್ಕೆ ಮೂರು ಶರ್ಟಿನವರೆಗೆ ಎಲ್ಲಕ್ಕೂ ಒಗ್ಗಿಕೊಂಡ. ಒಗ್ಗದೇ ಉಳಿದದ್ದು ಒಂದೇ, ಮಧ್ಯಾಹ್ನದ ನಿದ್ದೆ. ಹೆಂಡತಿ ಅದನ್ನು ಎಂಟೇ ದಿನದಲ್ಲಿ ಕಲಿತುಬಿಟ್ಟಳು. ಊಟವಾದ ಮೇಲೆ ಫ್ಯಾನಿನ ಕೆಳಗೆ ಉರುಳಿದರೆ ನಾಲ್ಕರವರೆಗೆ ಅವಳು ಈ ಲೋಕದವಳಲ್ಲ.

"ಡ್ಯೂಟಿ ಹೊತ್ತಿನಲ್ಲಿ ಮಲಗೋದಾ?" ಎಂದು ಅಜ್ಜ ಕೇಳಿದರೆ, "ನಂದೇನು ಇಲ್ಲಿ ಎಂಜಿನ್ ಓಡ್ತಿದೆಯಾ?" ಎಂದು ಅವಳು ಮಗ್ಗುಲು ಬದಲಿಸುತ್ತಿದ್ದಳು.

ಮನೆ ಮನೆಗೆ ಹೋಗಿ ದೇವರ ಮಾತು ಹೇಳಿ ಪ್ರಾರ್ಥಿಸುವುದು ಅವನ ಸೇವೆ. ಬೆಳಿಗ್ಗೆ ಹೋದರೆ ಜನ ಕೆಲಸಕ್ಕೆ ಹೋಗಿರುತ್ತಾರೆ, ಸಂಜೆ ಹೋದರೆ ಪೇಟೆಯಲ್ಲಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಹೋದರೆ ಮಾತ್ರ ಎಲ್ಲರೂ ಮನೆಯಲ್ಲೇ. ಇದನ್ನು ಅಜ್ಜ ತಾನೇ ಕಂಡುಹಿಡಿದ, ಕಂಡುಹಿಡಿದದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. 'ಇಲ್ಲಿಯ ಜನರ ಆದರ ಎಂಥದೆಂದರೆ, ನಾನು ತಟ್ಟುವ ಮೊದಲೇ ಬಾಗಿಲು ತೆರೆಯುತ್ತಾರೆ' ಎಂದು ಮಿಷನ್ನಿನ ಮುಖ್ಯ ಕಚೇರಿಗೆ ಕಾಗದ ಬರೆದ. ಮಕ್ಕಳು ಅವನನ್ನು 'ಎರಡು ಗಂಟೆಯ ಅಜ್ಜ' ಎಂದು ಕರೆಯುತ್ತಿದ್ದರು. ತನ್ನ ಸಮಯಪಾಲನೆಗೆ ಸಿಕ್ಕ ಬಿರುದು ಅದು ಎಂದು ಹೆಂಡತಿಯ ಮುಂದೆ ಹೇಳಿಕೊಂಡು ಹಿಗ್ಗಿದ್ದೂ ಉಂಟು.

ಆ ದಿನ ಬೇಕರಿಯವನ ಮನೆಯಿಂದ ಹೊರಟು ಗಲ್ಲಿಯ ತಿರುವಿಗೆ ಬಂದಾಗ ನೆತ್ತಿ ಚುರ್ರೆಂದಿತು. ಕೊಡೆ ಅಲ್ಲೇ ಬಿಟ್ಟುಬಂದಿದ್ದ. ತಿರುಗಿ ನಡೆದ. ಅಷ್ಟರಲ್ಲಾಗಲೇ ಎಲ್ಲ ಬಾಗಿಲೂ ಮುಚ್ಚಿದ್ದವು, ಬಡಗಿಯ ಸದ್ದೂ ಇಲ್ಲ. ಬೇಕರಿಯವನ ಮನೆಯ ಬಾಗಿಲು ಮಾತ್ರ ಅರ್ಧ ತೆರೆದಿತ್ತು, ಹೊಸ್ತಿಲ ಮೇಲೆ ಅವನ ತಾಯಿ ಕೂತಿದ್ದಳು. ಮುಚ್ಚಿ ಮಾತಾಡುವ ಅಭ್ಯಾಸವಿಲ್ಲದ ಹೆಂಗಸು. ಅದಕ್ಕೇ ಅಜ್ಜ ಬಂದಾಗಲೆಲ್ಲ ಅವಳನ್ನು ಅಡುಗೆಮನೆಗೆ ಕಳಿಸುತ್ತಿದ್ದರು.

"ಶ್!" ಎಂದಳು. "ಕೊಡೆ ತಾನೆ? ಇಲ್ಲೇ ಇದೆ. ತಗೊಂಡು ಹೋಗಿ."

ಅವಳ ತಲೆಯ ಮೇಲಿಂದ ಅಜ್ಜನಿಗೆ ಒಳಗೆ ಕಂಡಿತು. ಬೇಕರಿಯವನು ಈಗ ತಾನೇ ಕೂತಿದ್ದ ಜಾಗದಲ್ಲೇ, ಬರೀ ನೆಲದ ಮೇಲೆ, ಅದೇ ಶರ್ಟಿನಲ್ಲಿ ಬಿದ್ದುಕೊಂಡಿದ್ದ. ಬಾಯಿ ತೆರೆದಿತ್ತು. ಸುಟ್ಟ ಕೈಯ ಕೆಳಗೆ ಹೆಂಡತಿ ಮಡಿಸಿದ ಹೊದಿಕೆ ಇಟ್ಟು, ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತಿದ್ದಳು. ಅವಳ ಬೆನ್ನು ಬಾಗಿಲ ಕಡೆಗಿತ್ತು.

"ಅವರಿಗೆ ಮೈ ಹುಷಾರಿಲ್ಲವೇ?"

"ಹುಷಾರಾಗೇ ಇದ್ದ, ನೀವು ಈ ಊರಿಗೆ ಬರೋ ತನಕ." ಮುದುಕಿ ದನಿ ತಗ್ಗಿಸಿದಳು. "ರಾತ್ರಿ ಹತ್ತಕ್ಕೆ ಬೇಕರಿಗೆ ಹೋದ್ರೆ ಬೆಳಿಗ್ಗೆ ಹನ್ನೊಂದಕ್ಕೆ ಬರ್ತಾನೆ. ಸ್ನಾನ, ಊಟ ಅನ್ನೋ ಹೊತ್ತಿಗೆ ಒಂದೂವರೆ. ಕಣ್ಣು ಹತ್ತೋದಕ್ಕೂ ಆ ಕಡೆ ಮನೆಯವಳು ಗೋಡೆ ತಟ್ಟೋದಕ್ಕೂ ಸರಿಹೋಗುತ್ತೆ. ಒಂದ್ಸಲ ಎದ್ದ ಅಂದ್ರೆ ಆಮೇಲೆ ಎಲ್ಲಿ ನಿದ್ದೆ? ಇವತ್ತೇನೋ ಸುಸ್ತಾಗಿ ಬಿದ್ದ."

"ಗೋಡೆಯೇ?"

"ನೀವು ಬರ್ತಿದೀರಿ ಅಂತ. ಒಂದು ಮನೆಯಿಂದ ಇನ್ನೊಂದು ಮನೆಗೆ ತಟ್ಟಿ ಹೇಳೋದು. ಪಾಪ, ವಯಸ್ಸಾದೋರು, ಬಿಸಿಲಲ್ಲಿ ಬಾಗ್ಲಲ್ಲಿ ನಿಲ್ಲಿಸ್ಬಾರ್ದು ಅಂತ."

ಅಜ್ಜನ ಕಣ್ಣು ಒಳಗಿನ ಬ್ಯಾಂಡೇಜಿನ ಮೇಲೆ ಹೋಯಿತು.

"ನಿನ್ನೆ ರಾತ್ರಿ ಟ್ರೇ ತೆಗೀತಾ ತೆಗೀತಾ ನಿಂತಲ್ಲೇ ತೂಕಡಿಸಿದಾನೆ. ಕೈ ಹೋಗಿ ಭಟ್ಟಿ ಬಾಗ್ಲ ಮೇಲೆ. ಇನ್ನೊಂದ್ಸಲ ಹೀಗೆ ಮಾಡಿದ್ರೆ ಬರ್ಲೇಬೇಡ ಅಂದಿದಾನಂತೆ ಮಾಲೀಕ. ನಿಮಗೆ ಹೇಳ್ಬೇಡ ಅಂತ ನನ್ನ ಬಾಯಿಗೆ ಬೀಗ ಹಾಕಿದಾರೆ. ನಾನು ಹೇಳಿಲ್ಲ, ನೀವು ಕೇಳಿಲ್ಲ. ಹ್ಞೂ, ಕೊಡೆ ಹಿಡ್ಕೊಳ್ಳಿ."

ಅಜ್ಜ ಕೊಡೆ ಇಸಿದುಕೊಂಡ. ಬಿಚ್ಚಲು ಕೈ ಬರಲಿಲ್ಲ. ಮನೆಯವರೆಗೂ ಅದನ್ನು ಕಂಕುಳಲ್ಲಿ ಇರುಕಿಕೊಂಡೇ ನಡೆದ. ಆ ಕೈಯನ್ನು ಸುಟ್ಟವನೇ ಅದರ ಎದುರು ಕೂತು ಹದಿನೈದು ನಿಮಿಷ ಪ್ರಾರ್ಥಿಸಿದ್ದು ನೆನಪಾದಾಗಲೆಲ್ಲ ಬಿಸಿಲಿನಲ್ಲೂ ಅವನ ಮೈ ಜುಮ್ಮೆನ್ನುತ್ತಿತ್ತು.

ಅವರ ಬಾಡಿಗೆ ಮನೆ ಪಕ್ಕದ ಬೀದಿಯಲ್ಲಿ, ಮಹಡಿಯ ಮೇಲೆ. ನಿದ್ದೆಯಿಂದೆದ್ದ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

"ಗೋಡೆ ತಟ್ಟೋ ವಿಷಯ ನಿನಗೆ ಗೊತ್ತಿತ್ತಾ?" ಅಜ್ಜ ಕೇಳಿದ.

"ತರಕಾರಿ ಗಾಡಿ ಬಂದ್ರೆ ಪಕ್ಕದ ಮನೆ ಟೈಲರಮ್ಮ ನನಗೂ ತಟ್ಟುತ್ತಾಳೆ. ನಿಮಗೋಸ್ಕರವೂ ತಟ್ತಾರೆ ಅಂತ ನನಗೇನು ಗೊತ್ತು? ಆದ್ರೆ ಈ ಹೊತ್ತಲ್ಲಿ ಯಾರ ಮನೆಗೂ ಹೋಗ್ಬೇಡಿ ಅಂತ ಎಷ್ಟು ಸಲ ಬಡ್ಕೊಂಡಿದೀನಿ?" ಆಮೇಲೆ ಅವನ ಮುಖ ನೋಡಿ ಮೆತ್ತಗಾದಳು. "ಹೋಗಿ ತಪ್ಪಾಯ್ತು ಅಂತ ಹೇಳಿಬಿಡಿ. ಊರಿಗೆಲ್ಲ ಅದನ್ನೇ ತಾನೆ ಹೇಳೋದು ನೀವು?"

ಹೌದು, ಅದನ್ನೇ. ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಮನೆ ಮನೆಗೆ ಹೋಗಿ ಹೇಳಿಬಂದವನು ತಾನೇ. ಈಗ ಸ್ವಂತ ಸರದಿ ಬಂದಾಗ ನಾಲಿಗೆಯೇ ಏಳಲಿಲ್ಲ. ಮಧ್ಯಾಹ್ನ ಹೋಗುವಂತಿಲ್ಲ. ಒಂದು ಸಂಜೆ ಆರಕ್ಕೆ ಗಲ್ಲಿಯ ತಿರುವಿನವರೆಗೆ ಹೋದ. ಬೇಕರಿಯವನು ಎಡಗೈಯಲ್ಲಿ ನೀರಿನ ಕೊಡ ಎತ್ತಿಕೊಂಡು ಯಾರದೋ ಮಾತಿಗೆ ನಗುತ್ತಾ ಒಳಗೆ ಹೋಗುವುದು ಕಂಡಿತು. ಈಗ ಹೋಗಿ ಹೇಳಿದರೆ, ಹೇಳಿದ್ದು ತಾಯಿ ಎಂದು ಗೊತ್ತಾಗಿ ಮುದುಕಿಗೆ ಬೈಗುಳ ಬೀಳುತ್ತದೆ ಎಂದು ತನಗೆ ತಾನೇ ನೆಪ ಹೇಳಿಕೊಂಡು ವಾಪಸು ಬಂದ. ನೆಪವೆಂದು ಅವನಿಗೂ ಗೊತ್ತಿತ್ತು.

ಅದೇ ಬೇಕರಿಯಿಂದ ಬರುವ ಬೆಳಿಗ್ಗೆ ಏಳು ಗಂಟೆಯ ಬ್ರೆಡ್ಡು ಗಂಟಲಲ್ಲಿ ಇಳಿಯದಾಯಿತು. ಇಷ್ಟು ತಿಂಗಳು ಅದು ಬಿಸಿಬಿಸಿಯಾಗಿರುತ್ತದೆ ಎಂದು ಹೊಗಳಿ ತಿಂದಿದ್ದ, ದೇವರಿಗೆ ವಂದನೆ ಹೇಳಿ ತಿಂದಿದ್ದ. ಏಳಕ್ಕೆ ಬಿಸಿಯಾಗಿರಬೇಕಾದರೆ ಅದರ ಹಿಟ್ಟನ್ನು ಯಾರೋ ಎಷ್ಟು ಹೊತ್ತಿಗೆ ಎದ್ದು ನಾದಿರಬೇಕು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಗಡಿಯಾರದೊಂದಿಗೇ ಬದುಕಿದವನಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಇನ್ನೊಬ್ಬನೂ ನೆನಪಿಗೆ ಬಂದ. ಮೂವತ್ತು ವರ್ಷದ ಹಿಂದೆ ಅವನ ಸ್ಟೇಷನ್ನಿನಲ್ಲಿದ್ದ ಗೇಟ್‌ಮನ್. ಕುರ್ಚಿಯಲ್ಲಿ ಕೂತೇ ಮಲಗಿದ್ದ. 'ಕರ್ತವ್ಯದ ವೇಳೆಯಲ್ಲಿ ನಿದ್ರೆ' ಎಂದು ಬರೆದು ಅಜ್ಜ ಸಹಿ ಹಾಕಿದ್ದ, ಆ ಮನುಷ್ಯನ ಕೆಲಸ ಹೋಗಿತ್ತು. ಬರೆದದ್ದು ಸರಿಯೇ. ಆದರೆ ಯಾಕಪ್ಪಾ ನಿದ್ದೆ, ಮನೆಯಲ್ಲೇನು ಕಷ್ಟ ಎಂದು ಬರೆಯುವ ಮೊದಲು ಕೇಳಿರಲಿಲ್ಲ. ಆಮೇಲೂ ಕೇಳಿರಲಿಲ್ಲ.

ಐದು ಮಧ್ಯಾಹ್ನ ಅಜ್ಜ ಮನೆಯಲ್ಲೇ ಉಳಿದ. ಹಾಸಿಗೆಯ ಮೇಲೆ ಅಂಗಾತ ಮಲಗಿ, ಫ್ಯಾನು ನೋಡುತ್ತಾ, ಹೇಳಬೇಕಾದ ಮಾತನ್ನು ಪುಸ್ತಕದ ಭಾಷೆಯಲ್ಲಿ ಒಂದೊಂದೇ ವಾಕ್ಯ ಜೋಡಿಸಿದ. ಪಕ್ಕದಲ್ಲಿ ಹೆಂಡತಿಯ ಸಣ್ಣ ಗೊರಕೆ. ಅವನ ಕಣ್ಣಿಗೆ ನಿದ್ದೆ ಸುಳಿಯಲಿಲ್ಲ.

ಆರನೆಯ ದಿನ ಎರಡು ಗಂಟೆಗೆ ತಲೆಯ ಹತ್ತಿರದ ಗೋಡೆ ಟಕ್ ಟಕ್ ಎಂದಿತು.

"ಏಳಿ," ಹೆಂಡತಿ ಎದ್ದು ಕೂತಳು. "ಯಾರೋ ಬರ್ತಿದಾರೆ. ಶರ್ಟು ಹಾಕ್ಕೊಳ್ಳಿ."

ಅಜ್ಜ ಮುಖಕ್ಕೆ ನೀರು ಹಾಕಿಕೊಂಡು, ಶರ್ಟಿಗೆ ಕೈ ತೂರಿಸುತ್ತಾ ಬಂದು ಬಾಗಿಲು ತೆರೆದ. ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಹೊಳೆದದ್ದು ತೆರೆದ ಮೇಲೆ. ಮೆಟ್ಟಿಲ ಕೊನೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಬೇಕರಿಯವನು ನಿಂತಿದ್ದ. ಇಸ್ತ್ರಿ ಮಾಡಿದ ಶರ್ಟು. ಎಡಗೈಯಲ್ಲಿ ಬನ್ನಿನ ಪೊಟ್ಟಣ. ಕಣ್ಣು ಕೆಂಡದ ಹಾಗೆ ಕೆಂಪು.

"ನೀವು... ಈ ಹೊತ್ತಿನಲ್ಲಿ..."

"ನಿಮಗೆ ಈ ಹೊತ್ತೇ ಅನುಕೂಲ ಅಂತ ಬಂದೆ ಅಜ್ಜ. ಐದು ದಿನ ಆಯ್ತು, ಗಲ್ಲಿ ಕಡೆ ತಲೇನೇ ಹಾಕ್ಲಿಲ್ಲ ನೀವು."

ಅಜ್ಜ ಅವನನ್ನು ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಹೆಂಡತಿ ನೀರು ತಂದುಕೊಟ್ಟಳು. ಅವನು ಅರ್ಧ ಲೋಟ ಕುಡಿದು, ಉಳಿದದ್ದನ್ನು ತೊಡೆಯ ಮೇಲೆ ಹಿಡಿದುಕೊಂಡ.

"ಅವತ್ತು ಪ್ರಾರ್ಥನೆ ಮಾಡುವಾಗ ನಾನು ತೂಕಡಿಸಿಬಿಟ್ಟೆ," ಎಂದ. "ಅದಕ್ಕೇ ನಿಮಗೆ ಬೇಜಾರಾಗಿದೆ ಅಂತ ನಮ್ಮನೇಲಿ ಒಂದೇ ಕೊರಗು. ನನಗೋಸ್ಕರ ದೇವರನ್ನ ಕೇಳ್ಕೊಳ್ತಿದ್ರಿ, ನಾನು ನೋಡಿದ್ರೆ... ತಪ್ಪಾಯ್ತು ಅಜ್ಜ. ಹೊಟ್ಟೇಲಿ ಹಾಕ್ಕೊಳ್ಳಿ."

ಅಜ್ಜನಿಗೆ ಅವನ ಮುಖ ನೋಡಲಾಗಲಿಲ್ಲ. ಎದುರಿನ ಸ್ಟೂಲಿನ ಮೇಲೆ ಕೂತು ತನ್ನ ಕೈಗಳನ್ನೇ ನೋಡುತ್ತಾ ಶುರು ಮಾಡಿದ.

"ತಪ್ಪು ನಿಮ್ಮದಲ್ಲ. ನನ್ನದು. ನಿಮ್ಮ ನಿದ್ರೆಯನ್ನು ನಾನು ಮೂರು ತಿಂಗಳು ಕದ್ದಿದ್ದೇನೆ. ನಿಮ್ಮ ಕೈ ಸುಟ್ಟದ್ದು ನನ್ನಿಂದ."

ಒಂದು ಹೊರಬಂದ ಮೇಲೆ ಉಳಿದದ್ದೂ ಬಂತು. ಗೋಡೆಯ ಸದ್ದನ್ನು ಬಡಗಿಯದೆಂದು ತಿಳಿದದ್ದು, ಮುಖ್ಯ ಕಚೇರಿಗೆ ಹೆಮ್ಮೆಯಿಂದ ಬರೆದ ಕಾಗದ, ಬಿಸಿ ಬ್ರೆಡ್ಡು, ತಿರುವಿನವರೆಗೆ ಬಂದು ಹೆದರಿ ಓಡಿದ ಸಂಜೆ. ಹೆಂಡತಿಗೂ ಹೇಳಿರದ ಗೇಟ್‌ಮನ್ನಿನ ಕಥೆಯನ್ನೂ ಹೇಳಿದ. ಎಷ್ಟು ಹೊತ್ತಾಯಿತೋ. "ನನ್ನನ್ನು ಕ್ಷಮಿಸಲು ನಿಮಗೆ ಸಾಧ್ಯವೇ?" ಎಂದು ಜೋಡಿಸಿಟ್ಟ ಕೊನೆಯ ವಾಕ್ಯವನ್ನೂ ಹೇಳಿ ಮುಗಿಸಿ ಕಾದ.

ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ತಲೆಯೆತ್ತಿದ.

ಬೇಕರಿಯವನ ಗದ್ದ ಎದೆಗೆ ತಾಗಿತ್ತು. ತುಟಿ ಸ್ವಲ್ಪ ತೆರೆದಿತ್ತು. ಯಾವ ಮಾತಿನವರೆಗೆ ಕೇಳಿಸಿಕೊಂಡಿದ್ದನೋ, ಮೊದಲ ಮಾತಾದರೂ ಕಿವಿಗೆ ಬಿದ್ದಿತ್ತೋ ಇಲ್ಲವೋ. ಸಡಿಲವಾದ ಬೆರಳುಗಳ ನಡುವೆ ನೀರಿನ ಲೋಟ ವಾಲುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳೂ ಎಲ್ಲ ಕೇಳಿಸಿಕೊಂಡಿದ್ದಳು. ಎಬ್ಬಿಸುತ್ತೀರಾ ಎಂದು ಕಣ್ಣಲ್ಲೇ ಕೇಳಿದಳು.

ಭುಜ ಮುಟ್ಟಿದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ಈ ಮನುಷ್ಯ ಏನನ್ನುತ್ತಾನೆಂದು ಅಜ್ಜನಿಗೆ ಗೊತ್ತಿತ್ತು: ಅಯ್ಯೋ, ಬಿಡಿ ಅಜ್ಜ, ಅದೇನು ಮಹಾ. ಆ ಒಂದು ಮಾತಿಗಾಗಿ ಐದು ದಿನದಿಂದ ಅವನ ಜೀವ ಬಾಯಿ ಬಿಡುತ್ತಿತ್ತು. ಕೈ ಅರ್ಧ ದೂರ ಹೋಯಿತು. ಅಲ್ಲಿಂದ ಕೆಳಗಿಳಿದು, ಬೆರಳುಗಳ ನಡುವಿನಿಂದ ಲೋಟವನ್ನು ಮಾತ್ರ ಮೆಲ್ಲಗೆ ಬಿಡಿಸಿಕೊಂಡಿತು. ಸ್ಟೀಲಿನ ಲೋಟ, ಕಲ್ಲಿನ ನೆಲ, ಎಲ್ಲಿಟ್ಟರೂ ಸದ್ದು. ಅಜ್ಜ ಅದನ್ನು ಕೈಯಲ್ಲೇ ಹಿಡಿದುಕೊಂಡು ಕೂತ.

ಮೂರು ಹೊಡೆಯಿತು. ಮೂರೂವರೆಯಾಯಿತು. ಅಜ್ಜನ ಬೆರಳು ಜೋಮು ಹಿಡಿದವು. ಬಿಸಿಲು ಕಿಟಕಿಯಿಂದಿಳಿದು ಬ್ಯಾಂಡೇಜಿನ ಮೇಲೆ ಬಂದಾಗ ಹೆಂಡತಿ ಬರಿಗಾಲಲ್ಲಿ ಬಂದು ಪರದೆ ಎಳೆದು ಹೋದಳು.

ನಾಲ್ಕಕ್ಕೆ ಬೀದಿಯ ಆ ತುದಿಯಿಂದ ತರಕಾರಿ ಗಾಡಿಯವನ ಕೂಗು ಕೇಳಿಸಿತು. ಇನ್ನೇನು ಟೈಲರಮ್ಮ ತಟ್ಟುತ್ತಾಳೆ. ಹೆಂಡತಿ ಆಗಲೇ ಅವಳನ್ನು ತಡೆಯಲು ಮೆಟ್ಟಿಲ ಕಡೆ ಓಡಿದ್ದಳು. ಅಜ್ಜ ಉಸಿರು ಬಿಗಿಹಿಡಿದು ಎದ್ದ. ಒಂದು ಕೈಯಲ್ಲಿ ಆ ಅರ್ಧ ಲೋಟ ನೀರು ಹಾಗೇ ಹಿಡಿದು, ತುದಿಗಾಲಲ್ಲಿ ನಡೆದುಹೋಗಿ, ಇನ್ನೊಂದು ಕೈಯ ಅಂಗೈಯನ್ನು ಟೈಲರಮ್ಮನ ಕಡೆಯ ಬಿಸಿ ಗೋಡೆಗೆ ಒತ್ತಿ ಹಿಡಿದುಕೊಂಡು ನಿಂತ.